ಕಾಲೇಜ್ ಬಾಸ್ಕೆಟ್‌ಬಾಲ್‌ನಲ್ಲಿ ಏಳಡಿ ಸೆಂಟರ್ ಇನ್ನೂ ಬೇಕಾ?

ಪ್ರಶ್ನೆ: ಇಂಡಿಯಾನಾದ ವೆಸ್ಟ್ ಲಫಯೆಟ್‌ನಲ್ಲಿ ಎಂ.ಎಸ್. ಓದುತ್ತಿದ್ದೇನೆ. ಇಲ್ಲಿನ ಪರ್ಡ್ಯೂ ವಿಶ್ವವಿದ್ಯಾಲಯದ ಮ್ಯಾಚ್ ನೋಡುವ ಹುಚ್ಚು ಇಲ್ಲಿಗೆ ಬಂದ ಮೇಲೆ ಹತ್ತಿದ್ದು. ಸೆಂಟರ್ (ರಿಂಗ್ ಬಳಿ ಆಡುವ ಎತ್ತರದ ಆಟಗಾರ) ಜಾಗದಲ್ಲಿ ಜ್ಯಾಕ್ ಈಡಿ ಇದ್ದಾಗ ಬಾಲ್ ಅವನ ಕೈಗೆ ಕೊಟ್ಟರೆ ಅರ್ಧ ಕೆಲಸ ಮುಗಿದ ಹಾಗೆ. ನನ್ನ ರೂಮ್‌ಮೇಟ್‌ಗಳು ಮಾತ್ರ ‘ಸೆಂಟರ್ ಕಾಲ ಮುಗೀತು, ಎನ್‌ಬಿಎ (ಅಮೆರಿಕದ ವೃತ್ತಿಪರ ಲೀಗ್) ನೋಡು, ಐದೂ ಜನ ಹೊರಗಿಂದ ಶೂಟ್ ಮಾಡ್ತಾರೆ’ ಅನ್ನುತ್ತಾರೆ. ಹಾಗಿದ್ದರೆ ಕಾಲೇಜ್ ಟೀಮ್‌ಗಳು ಪ್ರತಿ ವರ್ಷ ಏಳಡಿ ಹುಡುಗರನ್ನು ಯಾಕೆ ಹುಡುಕುತ್ತವೆ? ಇನ್ನೊಂದು ಪ್ರಶ್ನೆ. ಮೈಸೂರಿನಲ್ಲಿರುವ ನನ್ನ ಅಕ್ಕನ ಮಗನಿಗೆ 15 ವರ್ಷ, ಆಗಲೇ 6 ಅಡಿ 4 ಇಂಚು ಇದ್ದಾನೆ. ಕೋಚ್ ಅವನನ್ನು ರಿಂಗ್ ಕೆಳಗೆ ನಿಲ್ಲಿಸಿ, ಅಲ್ಲಿಂದ ಅಲುಗಾಡಲು ಬಿಡುವುದಿಲ್ಲವಂತೆ. ಇದು ಸರಿಯಾ?

ಉತ್ತರ: ಚಿಕ್ಕ ಉತ್ತರ ಮೊದಲು ಹೇಳಿಬಿಡುತ್ತೇನೆ. ರಿಂಗ್‌ಗೆ ಬೆನ್ನು ಹಾಕಿ ನಿಂತು, ಕೈ ಎತ್ತಿ ಬಾಲ್ ಕೇಳಿ, ಹಿಂದಿರುವವನನ್ನು ತಳ್ಳಿಕೊಂಡು ಹೋಗಿ ಹಾಕುವ ಸೆಂಟರ್ ಎಲ್ಲ ಟೀಮಿಗೂ ಬೇಕಾಗಿಲ್ಲ. ಆದರೆ ಸೆಂಟರ್‌ಗೆ ಬೇರೆ ಕೆಲಸಗಳೂ ಇವೆ. ರಿಂಗ್ ಕಾಯಬೇಕು, ಒಳಗೆ ಬೀಳದೆ ಪುಟಿದ ಬಾಲ್ ಅಂದರೆ ರಿಬೌಂಡ್ ಹಿಡಿಯಬೇಕು, ಬಾಲ್ ತರುವ ಗಾರ್ಡ್‌ಗೆ ಗಟ್ಟಿಯಾಗಿ ಸ್ಕ್ರೀನ್ ಹಾಕಬೇಕು, ಅಂದರೆ ಅವನನ್ನು ಕಾಯುವವನಿಗೆ ಅಡ್ಡ ನಿಲ್ಲಬೇಕು. ಈ ಕೆಲಸಕ್ಕೆ ಒಂದು ದೊಡ್ಡ ದೇಹ ಬೇಕೇ ಬೇಕು. ಅದೂ ಎನ್‌ಬಿಎಗಿಂತ ಕಾಲೇಜಿನಲ್ಲೇ ಜಾಸ್ತಿ ಬೇಕು. ನಿಮ್ಮ ರೂಮ್‌ಮೇಟ್‌ಗಳು ಮೊದಲನೆಯದು ಕಡಿಮೆಯಾಗಿದ್ದನ್ನು ನೋಡಿ ಎರಡನೆಯದೂ ಹೋಯಿತು ಅಂದುಕೊಂಡಿದ್ದಾರೆ.

ನಿಮ್ಮೂರಿನ ಟೀಮಿನಿಂದಲೇ ಶುರು ಮಾಡೋಣ. ಈ ಪ್ರಶ್ನೆಗೆ ಪರ್ಡ್ಯೂಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಕೋಚ್ ಮ್ಯಾಟ್ ಪೇಂಟರ್‌ಗೆ ದೊಡ್ಡ ಹುಡುಗರ ಮೇಲೆ ಮೊದಲಿನಿಂದಲೂ ಪ್ರೀತಿ. ಎ.ಜೆ. ಹ್ಯಾಮನ್ಸ್ 7 ಅಡಿ, ಐಸಾಕ್ ಹಾಸ್ 7 ಅಡಿ 2 ಇಂಚು, ಮ್ಯಾಟ್ ಹಾರ್ಮ್ಸ್ 7 ಅಡಿ 3 ಇಂಚು, ಆಮೇಲೆ ಬಂದ ಈಡಿ 7 ಅಡಿ 4 ಇಂಚು. ಪಟ್ಟಿ ನೋಡಿದರೆ ಬೇಕೆಂದೇ ಇಂಚಿಂಚು ಏರಿಸಿಕೊಂಡು ಹೋದ ಹಾಗಿದೆ. ಈಡಿ ಟೊರಾಂಟೊ ಹುಡುಗ. ಚಿಕ್ಕವನಿದ್ದಾಗ ಆಡಿದ್ದು ಐಸ್ ಹಾಕಿ ಮತ್ತು ಬೇಸ್‌ಬಾಲ್. ಹೈಸ್ಕೂಲ್ ರ‍್ಯಾಂಕಿಂಗ್‌ನಲ್ಲಿ ಅವನ ಹೆಸರು ಮೊದಲ 400ರ ಒಳಗೂ ಇರಲಿಲ್ಲ. ಅಂಥವನು 2023 ಮತ್ತು 2024ರಲ್ಲಿ ಸತತವಾಗಿ, ವರ್ಷದ ಅತ್ಯುತ್ತಮ ಕಾಲೇಜ್ ಆಟಗಾರನಿಗೆ ಕೊಡುವ ನೈಸ್ಮಿತ್ ಪ್ರಶಸ್ತಿ ಗೆದ್ದ. ಅವನಿಗಿಂತ ಮೊದಲು ಅದನ್ನು ಸತತವಾಗಿ ಗೆದ್ದವರು 1981ರಿಂದ 83ರವರೆಗೆ ವರ್ಜೀನಿಯಾದ ರಾಲ್ಫ್ ಸ್ಯಾಂಪ್ಸನ್. ಅವರ ಎತ್ತರವೂ 7 ಅಡಿ 4 ಇಂಚೇ.

ಈಗ 2023ರ ಮಾರ್ಚ್, ಕಾಲೇಜ್‌ಗಳ ರಾಷ್ಟ್ರೀಯ ಟೂರ್ನಿಯ ಮೊದಲ ಸುತ್ತು. ಸೀಡ್ ಅಂದರೆ ಟೂರ್ನಿಯಲ್ಲಿ ಟೀಮಿಗೆ ಕೊಡುವ ಕ್ರಮಾಂಕ, ಒಂದು ಅತಿ ಬಲ, ಹದಿನಾರು ಅತಿ ದುರ್ಬಲ. ಪರ್ಡ್ಯೂ ಒಂದನೇ ಸೀಡ್. ಎದುರಿಗೆ ಹದಿನಾರನೇ ಸೀಡ್ ಫೇರ್ಲಿ ಡಿಕಿನ್ಸನ್. ಕಾಲೇಜ್ ಆಟದ ಮೇಲಿನ ಹಂತವಾದ ಡಿವಿಷನ್ ಒಂದರ 363 ಟೀಮ್‌ಗಳಲ್ಲಿ ಎಲ್ಲಕ್ಕಿಂತ ಕುಳ್ಳ ಟೀಮ್ ಅದು. ದೇಶದ ಅತಿ ಎತ್ತರದ ಸೆಂಟರ್‌ಗಳಲ್ಲಿ ಒಬ್ಬ ಎಲ್ಲರಿಗಿಂತ ಕುಳ್ಳ ಟೀಮಿನ ಎದುರು. ಫೇರ್ಲಿ ಡಿಕಿನ್ಸನ್ 63-58ರಲ್ಲಿ ಗೆದ್ದಿತು. ಮರುದಿನ ಎಲ್ಲರ ಬಾಯಲ್ಲೂ ಒಂದೇ ಮಾತು, ಸೆಂಟರ್ ಇಟ್ಟುಕೊಂಡು ಟೀಮ್ ಕಟ್ಟುವ ಕಾಲ ಹೋಯಿತು ಅಂತ.

ಸ್ಕೋರ್ ಶೀಟ್ ನೋಡಿದರೆ ಬೇರೆಯೇ ಕಥೆ. ಈಡಿ 21 ಪಾಯಿಂಟ್ ಹಾಕಿ 15 ರಿಬೌಂಡ್ ಹಿಡಿದಿದ್ದ. ಪರ್ಡ್ಯೂ ಹೊರಗಿನಿಂದ ಎಸೆದ 26 ಮೂರು ಪಾಯಿಂಟ್ ಶಾಟ್‌ಗಳಲ್ಲಿ ಒಳಗೆ ಬಿದ್ದದ್ದು ಐದು. ಕುಳ್ಳ ಹುಡುಗರು ಈಡಿಯ ಮುಂದೊಬ್ಬ ಹಿಂದೊಬ್ಬ ನಿಂತು ಬಾಲ್ ಅವನ ಕೈಗೆ ಸಿಗದ ಹಾಗೆ ಮಾಡಿದರು. ಆಗ ಹೊರಗಿದ್ದವರು ಖಾಲಿಯಾಗಿದ್ದರು. ಖಾಲಿ ಸಿಕ್ಕ ಶಾಟ್ ಅವರು ಹಾಕಲಿಲ್ಲ. ಇದರಲ್ಲಿ ಸೆಂಟರ್ ತಪ್ಪೇನು? ಪೋಸ್ಟ್‌ನಲ್ಲಿ, ಅಂದರೆ ರಿಂಗ್ ಹತ್ತಿರ, ನಿಲ್ಲುವ ದೊಡ್ಡವನ ನಿಜವಾದ ಬೆಲೆ ಅವನು ಹಾಕುವ ಪಾಯಿಂಟ್‌ನಲ್ಲಷ್ಟೇ ಇಲ್ಲ. ಅವನು ಇಬ್ಬರು ಡಿಫೆಂಡರ್‌ಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತಾನೆ. ಉಳಿದ ನಾಲ್ವರನ್ನು ಮೂವರು ಕಾಯಬೇಕಾಗುತ್ತದೆ. ಆ ಲಾಭವನ್ನು ನಾಲ್ವರು ಎತ್ತಿಕೊಳ್ಳದಿದ್ದರೆ ಸೆಂಟರ್ ಎಷ್ಟೇ ಎತ್ತರವಿದ್ದರೂ ಸುಮ್ನೆ.

ಪೇಂಟರ್ ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡರು. ಈಡಿಯನ್ನು ಬಿಟ್ಟು ಬೇರೆ ಆಟ ಹುಡುಕಲು ಹೋಗಲಿಲ್ಲ. ಅವನ ಸುತ್ತ ಇರುವವರನ್ನು ಬಲ ಮಾಡಿದರು. ಬ್ರೇಡನ್ ಸ್ಮಿತ್ ಒಂದು ವರ್ಷ ದೊಡ್ಡವನಾಗಿದ್ದ, ಲ್ಯಾನ್ಸ್ ಜೋನ್ಸ್ ಬೇರೆ ಕಾಲೇಜಿನಿಂದ ಬಂದ. ಮುಂದಿನ ಸೀಸನ್ ಟೀಮ್ ಮೂರು ಪಾಯಿಂಟ್ ಶಾಟ್‌ಗಳಲ್ಲಿ ಶೇ 40ರಷ್ಟನ್ನು ಹಾಕಿತು. ದೇಶದಲ್ಲೇ ಅತಿ ಒಳ್ಳೆಯ ಲೆಕ್ಕಗಳಲ್ಲಿ ಅದೊಂದು. ಪರ್ಡ್ಯೂ 1969ರ ನಂತರ ಮೊದಲ ಸಲ ಫೈನಲ್‌ಗೆ ಬಂತು.

ಆ ಫೈನಲ್ ನೋಡಿದ್ದೀರಲ್ವಾ? 2024ರ ಏಪ್ರಿಲ್, ಅರಿಜೋನಾದ ಗ್ಲೆಂಡೇಲ್, ಎದುರಾಳಿ ಯುಕಾನ್, ಅಂದರೆ ಕನೆಕ್ಟಿಕಟ್ ವಿಶ್ವವಿದ್ಯಾಲಯ. ಈಡಿ 37 ಪಾಯಿಂಟ್, 10 ರಿಬೌಂಡ್. ಪರ್ಡ್ಯೂ ಸೋತಿದ್ದು 75-60ರಲ್ಲಿ. ಅಂದರೆ ಉಳಿದವರೆಲ್ಲ ಸೇರಿ ಹಾಕಿದ್ದು 23. (1969ರ ಫೈನಲ್‌ನಲ್ಲಿ ಪರ್ಡ್ಯೂ ವಿರುದ್ಧ ಯುಸಿಎಲ್ಎಯ ಲೂ ಅಲ್ಸಿಂಡರ್ ಹಾಕಿದ್ದೂ 37. ಈ ಸಂಖ್ಯೆಗೂ ಪರ್ಡ್ಯೂಗೂ ಆಗಿಬರುವುದಿಲ್ಲ.)

ಯುಕಾನ್ ಕೋಚ್ ಡ್ಯಾನ್ ಹರ್ಲಿ ಮಾಡಿದ ಲೆಕ್ಕವೇ ನಿಮ್ಮ ಪ್ರಶ್ನೆಯ ಹೃದಯ. ಫೇರ್ಲಿ ಡಿಕಿನ್ಸನ್ ಮಾಡಿದ್ದಕ್ಕೆ ಇದು ಪೂರ್ತಿ ಉಲ್ಟಾ. ಈಡಿಯ ಮೇಲೆ ಇಬ್ಬರನ್ನು ಕಳಿಸಲಿಲ್ಲ. 7 ಅಡಿ 2 ಇಂಚಿನ ಡೊನೊವನ್ ಕ್ಲಿಂಗನ್ ಒಬ್ಬನನ್ನೇ ಅವನ ಬೆನ್ನಿಗೆ ಹಚ್ಚಿದರು. ಬೇಕಾದಷ್ಟು ಹಾಕಿಕೊಳ್ಳಲಿ, ಹೊರಗಿನ ನಾಲ್ವರಿಗೆ ಮಾತ್ರ ಒಂದು ಅಡಿ ಜಾಗವೂ ಕೊಡಬೇಡಿ ಅನ್ನುವ ಲೆಕ್ಕ. ಈಡಿ 25 ಸಲ ಎಸೆದು 15 ಹಾಕಿದ. ಪರ್ಡ್ಯೂಗೆ ಇಡೀ ಆಟದಲ್ಲಿ ಮೂರು ಪಾಯಿಂಟ್‌ಗೆ ಎಸೆಯಲು ಸಿಕ್ಕಿದ್ದು ಏಳೇ ಏಳು ಅವಕಾಶ, ಬಿದ್ದಿದ್ದು ಒಂದು. ಒಬ್ಬ ಸೆಂಟರ್ ಎರಡೆರಡು ಪಾಯಿಂಟ್ ಸೇರಿಸುತ್ತಾ ಹೋಗುತ್ತಾನೆ. ಅತ್ತ ಯುಕಾನ್ ಐದೂ ಜನರ ಕೈಯಿಂದ ಪಾಯಿಂಟ್ ತೆಗೆಯುತ್ತದೆ. ನಲವತ್ತು ನಿಮಿಷದಲ್ಲಿ ಯಾರು ಮುಂದೆ ಹೋಗುತ್ತಾರೆ ಅನ್ನುವುದು ಕಷ್ಟದ ಗಣಿತವಲ್ಲ.

ಆದರೆ ಗಮನಿಸಿ, ಆ ಲೆಕ್ಕ ನಡೆದಿದ್ದು ಯುಕಾನ್ ಬಳಿಯೂ ಒಬ್ಬ ಏಳಡಿಯವನು ಇದ್ದ ಕಾರಣಕ್ಕೆ. ಈಡಿಯನ್ನು ಒಬ್ಬನೇ ತಡೆದುಕೊಳ್ಳುವ ದೇಹ ಇಲ್ಲದ ಟೀಮ್ ಇಬ್ಬರನ್ನು ಕಳಿಸಲೇಬೇಕು. ಆಗ ಹೊರಗೆ ಬಾಗಿಲು ತೆರೆಯುತ್ತದೆ. ಸೋತವನೂ ಸೆಂಟರ್, ಗೆಲ್ಲಿಸಿದವನೂ ಸೆಂಟರ್. ಮಾಡಿದ ಕೆಲಸ ಬೇರೆ ಬೇರೆ, ಅಷ್ಟೇ.

ಕ್ಲಿಂಗನ್ ಕೆಲಸ ಏನು ಅಂತ ನೋಡಬೇಕಾದರೆ ಫೈನಲ್‌ಗಿಂತ ಅದಕ್ಕೂ ಮುಂಚಿನ, ಬಾಸ್ಟನ್‌ನಲ್ಲಿ ನಡೆದ ಇಲಿನಾಯ್ ಮ್ಯಾಚ್ ನೋಡಿ. ಫೈನಲ್ ಫೋರ್‌ಗೆ, ಅಂದರೆ ಸೆಮಿಫೈನಲ್‌ಗೆ ಹೋಗುವ ಮ್ಯಾಚ್ ಅದು. ಇಲಿನಾಯ್ ನಿಮ್ಮ ರೂಮ್‌ಮೇಟ್‌ಗಳು ಮೆಚ್ಚುವಂಥ ಟೀಮ್. ಅದರ ಸೆಂಟರ್ ಜಾಗದಲ್ಲಿ ಆಡುತ್ತಿದ್ದ ಕೋಲ್‌ಮನ್ ಹಾಕಿನ್ಸ್ ಹೊರಗೆ ನಿಂತು ಪಾಸ್ ಕೊಡುವವನು, ಶೂಟ್ ಮಾಡುವವನು. ಅವನಿದ್ದಾಗ ಐದೂ ಜನ ಹೊರಗೆ ನಿಲ್ಲಬಹುದಿತ್ತು. ಸ್ಕೋರ್ 23-23 ಇತ್ತು. ಅಲ್ಲಿಂದ ಯುಕಾನ್ ಒಂದೇ ಸಮನೆ 30 ಪಾಯಿಂಟ್ ಹಾಕಿತು, ಇಲಿನಾಯ್‌ಗೆ ಸೊನ್ನೆ. 53-23. ಕೊನೆಗೆ 77-52. ಕ್ಲಿಂಗನ್ ಅಡ್ಡ ಬಂದ 19 ಶಾಟ್‌ಗಳಲ್ಲಿ ಇಲಿನಾಯ್ ಒಂದನ್ನೂ ಹಾಕಲಿಲ್ಲ. ಆ ಹುಡುಗರು ಪದೇ ಪದೇ ಒಳಗೆ ನುಗ್ಗುತ್ತಿದ್ದರು, ಪದೇ ಪದೇ ಅದೇ ಕೈಗೆ ಸಿಕ್ಕಿಬೀಳುತ್ತಿದ್ದರು. ನಾನು ಕೂಡ ಆಡುವ ದಿನಗಳಲ್ಲಿ ಸೆಂಟರ್ ಆಗಿದ್ದವನು, ಆದ್ದರಿಂದ ಸ್ವಲ್ಪ ಪಕ್ಷಪಾತ ಇದ್ದೀತು. ಆದರೂ ಒಬ್ಬನೇ ಒಬ್ಬ ಡಿಫೆಂಡರ್ ಒಂದು ಒಳ್ಳೆಯ ಟೀಮಿನ ತಲೆ ಕೆಡಿಸಿದ್ದನ್ನು ಇಷ್ಟು ಸ್ಪಷ್ಟವಾಗಿ ನೋಡಿದ ನೆನಪಿಲ್ಲ.

ಈಗ ‘ಎನ್‌ಬಿಎ ನೋಡು’ ಅನ್ನುವ ವಾದಕ್ಕೆ ಬರೋಣ. ಎರಡೂ ಬಾಸ್ಕೆಟ್‌ಬಾಲೇ, ಆದರೆ ನಿಯಮ ಒಂದೇ ಅಲ್ಲ.

ದೊಡ್ಡ ವ್ಯತ್ಯಾಸ ಇದು. ಎನ್‌ಬಿಎನಲ್ಲಿ ಡಿಫೆನ್ಸ್ ಮಾಡುವವನು ಯಾರನ್ನೂ ಹತ್ತಿರದಿಂದ ಕಾಯದೆ ಪೇಂಟ್ (ರಿಂಗ್ ಮುಂದಿನ ಆಯತದ ಜಾಗ) ಒಳಗೆ ಮೂರು ಸೆಕೆಂಡ್‌ಗಿಂತ ಜಾಸ್ತಿ ನಿಲ್ಲುವ ಹಾಗಿಲ್ಲ. 2001-02ರಿಂದ ಈ ನಿಯಮ ಇದೆ. ಕಾಲೇಜಿನಲ್ಲಿ ಅದು ಇಲ್ಲ. ಕ್ಲಿಂಗನ್‌ನಂಥವನು ರಿಂಗ್ ಕೆಳಗೆ ಬೇರು ಬಿಟ್ಟು ನಿಂತರೂ ಯಾರೂ ಕೇಳುವುದಿಲ್ಲ. ರಿಂಗ್ ಕಾಯುವವನ ಬೆಲೆ ಇದೊಂದರಿಂದಲೇ ಎಷ್ಟು ಏರುತ್ತದೆ ಲೆಕ್ಕ ಹಾಕಿ. ಎರಡನೆಯದು ಲೇನ್, ಅಂದರೆ ಅದೇ ಪೇಂಟ್‌ನ ಅಗಲ. ಎನ್‌ಬಿಎನಲ್ಲಿ 16 ಅಡಿ, ಕಾಲೇಜಿನಲ್ಲಿ 12 ಅಡಿ. ಪೋಸ್ಟ್‌ನಲ್ಲಿ ನಿಲ್ಲುವವನಿಗೆ ಒಂದೊಂದು ಬದಿಗೂ ಎರಡು ಅಡಿ ಉಳಿತಾಯ. ಕಾಲೇಜಿನ ದೊಡ್ಡ ಹುಡುಗ ಬಾಲ್ ಹಿಡಿದಾಗ ರಿಂಗ್‌ಗೆ ಒಂದು ಹೆಜ್ಜೆ ಹತ್ತಿರ ಇರುತ್ತಾನೆ. ಒಂದು ಡ್ರಿಬಲ್, ಒಂದು ಹುಕ್, ಮುಗಿಯಿತು. ಎನ್‌ಬಿಎನಲ್ಲಿ ಅದೇ ಕೆಲಸಕ್ಕೆ ಇನ್ನೊಂದು ಡ್ರಿಬಲ್ ಬೇಕು, ಅಷ್ಟರಲ್ಲಿ ಎರಡನೆಯವನು ಬಂದಿರುತ್ತಾನೆ.

ಮೂರು ಪಾಯಿಂಟ್ ಗೆರೆ ಕಾಲೇಜಿನಲ್ಲಿ 6.75 ಮೀಟರ್ ದೂರ, 2019-20ರಿಂದ. ಎನ್‌ಬಿಎನಲ್ಲಿ ಎದುರಿನಿಂದ 7.24. ಕಾಲೇಜಿನ ಗೆರೆ ಹತ್ತಿರ ಇದ್ದರೂ ಡಿವಿಷನ್ ಒಂದರ ಸರಾಸರಿ ನೂರಕ್ಕೆ 34ರ ಆಸುಪಾಸಿನಲ್ಲೇ ಇದೆ. ಅಂದರೆ ಒಂದು ಮೂರು ಪಾಯಿಂಟ್ ಶಾಟ್‌ಗೆ ಸಿಗುವುದು ಹೆಚ್ಚುಕಡಿಮೆ ಒಂದು ಪಾಯಿಂಟ್. ನೂರಕ್ಕೆ ಐವತ್ತು ಬೀಳುವ ಎರಡು ಪಾಯಿಂಟ್ ಶಾಟ್‌ಗೂ ಅಷ್ಟೇ ಸಿಗುತ್ತದೆ. ರಿಂಗ್ ಕೆಳಗಿನಿಂದ ನೂರಕ್ಕೆ 60 ಹಾಕುವ ಸೆಂಟರ್ ಇದ್ದರೆ 1.2. ಎನ್‌ಬಿಎನಲ್ಲಿ ಐದು ಶೂಟರ್‌ಗಳನ್ನು ಹುಡುಕುವುದು ದುಡ್ಡಿನ ಪ್ರಶ್ನೆ. ಕಾಲೇಜಿನಲ್ಲಿ ಹತ್ತೊಂಬತ್ತು ಇಪ್ಪತ್ತು ವಯಸ್ಸಿನ ಐದು ಹುಡುಗರು ಒಂದೇ ಟೀಮಿನಲ್ಲಿ ನಂಬಿಕೆಯಿಂದ ಶೂಟ್ ಮಾಡುವುದು ಅಪರೂಪ. ಸಿಕ್ಕರೆ ಪುಣ್ಯ.

ಸಿಕ್ಕ ಪುಣ್ಯವಂತರೂ ಇದ್ದಾರೆ. ರೂಮ್‌ಮೇಟ್‌ಗಳ ಬಳಿ ಇರುವ ಅತಿ ಗಟ್ಟಿ ಸಾಕ್ಷಿ 2018ರ ವಿಲನೋವಾ. ಆ ವರ್ಷ ಸೆಮಿಫೈನಲ್‌ನಲ್ಲಿ ಕ್ಯಾನ್ಸಸ್ ಬಳಿ ಉಡೋಕಾ ಅಜುಬುಕೆ ಎಂಬ ಏಳಡಿ ಬೆಟ್ಟ ಇತ್ತು. ವಿಲನೋವಾದ ಸೆಂಟರ್ ಓಮಾರಿ ಸ್ಪೆಲ್‌ಮನ್ 6 ಅಡಿ 9 ಇಂಚು, ಮೂರು ಪಾಯಿಂಟ್ ಗೆರೆಯ ಹೊರಗೆ ನಿಂತ. ಅಜುಬುಕೆ ಹೊರಗೆ ಬಂದರೆ ಒಳಗೆ ಖಾಲಿ, ಬರದಿದ್ದರೆ ಸ್ಪೆಲ್‌ಮನ್ ಖಾಲಿ. ವಿಲನೋವಾ 18 ಮೂರು ಪಾಯಿಂಟ್ ಶಾಟ್ ಹಾಕಿ 95-79ರಲ್ಲಿ ಗೆದ್ದಿತು, ಆಮೇಲೆ ಮಿಶಿಗನ್ ಅನ್ನು 79-62ರಲ್ಲಿ ಸೋಲಿಸಿ ಕಪ್ ಎತ್ತಿತು. ನೋಡಲು ಚೆಂದದ ಆಟ, ಒಪ್ಪುತ್ತೇನೆ.

ಆದರೆ ಆ ಟೀಮಿನಲ್ಲೂ ರಿಬೌಂಡ್ ಹಿಡಿಯುವುದು, ರಿಂಗ್ ಬಳಿ ಕೈ ಎತ್ತುವುದು ಸ್ಪೆಲ್‌ಮನ್ ಕೆಲಸವೇ ಆಗಿತ್ತು. ಇನ್ನೂ ತಮಾಷೆ ಏನೆಂದರೆ ವಿಲನೋವಾದಲ್ಲಿ ಪೋಸ್ಟ್ ಅಪ್ ಸತ್ತಿರಲಿಲ್ಲ. ಅದನ್ನು ಮಾಡುತ್ತಿದ್ದವನು ಪಾಯಿಂಟ್ ಗಾರ್ಡ್ ಜೇಲೆನ್ ಬ್ರನ್ಸನ್. ತನಗಿಂತ ಮೆತ್ತಗಿರುವ ಗಾರ್ಡ್‌ನನ್ನು ಬೆನ್ನಿಂದ ತಳ್ಳಿಕೊಂಡು ಒಳಗೆ ಹೋಗುತ್ತಿದ್ದ. ಎಲ್ಲರೂ ಹೊರಗೆ ನಿಂತಿದ್ದರಿಂದ ಒಳಗೆ ಬೇಕಾದಷ್ಟು ಜಾಗ. ಸೆಂಟರ್ ಹೊರಗೆ, ಗಾರ್ಡ್ ಒಳಗೆ. ಕೆಲಸ ಉಳಿಯಿತು, ಮಾಡುವವರು ಬದಲಾದರು.

ಕ್ರಿಕೆಟ್‌ನಲ್ಲೂ ಹೀಗೇ ಆಗಿದೆ, ಅಲ್ವಾ? ನಮ್ಮ ಸಯ್ಯದ್ ಕಿರ್ಮಾನಿ ಆಡುತ್ತಿದ್ದ ಕಾಲದಲ್ಲಿ ಕೀಪರ್ ಅಂದರೆ ಮೊದಲು ಕೀಪಿಂಗ್, ಬ್ಯಾಟಿಂಗ್ ಬಂದರೆ ಲಾಭ. ಈಗ ಕೆ.ಎಲ್. ರಾಹುಲ್ ತರಹದ ಬ್ಯಾಟರ್ ಕೈಗೇ ಗ್ಲೌಸ್ ಕೊಡುತ್ತಾರೆ. ಹಾಗಂತ ಕೀಪರ್ ಇಲ್ಲದೆ ಯಾರೂ ಮೈದಾನಕ್ಕೆ ಇಳಿದಿಲ್ಲ.

2016ರಿಂದ ಕಪ್ ಗೆದ್ದವರನ್ನು ಒಮ್ಮೆ ನೋಡಿ. 2017ರಲ್ಲಿ ನಾರ್ತ್ ಕ್ಯಾರೊಲೈನಾ ಬಳಿ ಕೆನಡಿ ಮೀಕ್ಸ್ ಇದ್ದ, ಹಳೆಯ ಶೈಲಿಯ ದಪ್ಪ ಸೆಂಟರ್. 2022ರಲ್ಲಿ ಕ್ಯಾನ್ಸಸ್ ಅರ್ಧ ಆಟಕ್ಕೆ 40-25ರಲ್ಲಿ ಹಿಂದೆ ಇತ್ತು. ತಿರುಗಿ ಬಿದ್ದು ಗೆದ್ದಾಗ ಕೊನೆಯ ಬಾಸ್ಕೆಟ್‌ಗಳನ್ನು ಪೇಂಟ್ ಒಳಗಿನಿಂದ ಹಾಕಿದ್ದು 6 ಅಡಿ 10 ಇಂಚಿನ ಡೇವಿಡ್ ಮೆಕಾರ್ಮ್ಯಾಕ್. 2023ರ ಫೈನಲ್ ಫೋರ್‌ನ ಅತ್ಯುತ್ತಮ ಆಟಗಾರ ಯುಕಾನ್‌ನ ಆಡಮಾ ಸನೋಗೊ, ಮಾಲಿ ದೇಶದವನು, ಎತ್ತರ 6 ಅಡಿ 9 ಇಂಚು ಮಾತ್ರ. ಆದರೆ ಅವನು ಆಡುತ್ತಿದ್ದದ್ದು ಪಕ್ಕಾ ಪೋಸ್ಟ್ ಆಟ. 2024 ಕ್ಲಿಂಗನ್. ನಿಜವಾಗಿ ಚಿಕ್ಕ ಟೀಮ್ ಇಟ್ಟುಕೊಂಡು ಗೆದ್ದವರು ಅಂದರೆ 2018ರ ವಿಲನೋವಾ, ಮತ್ತೆ 2021ರ ಬೇಲರ್. ಬೇಲರ್ ಫೈನಲ್‌ನಲ್ಲಿ ಗೊಂಜಾಗಾದ ಸೆಂಟರ್ ಡ್ರೂ ಟಿಮ್ಮಿಯನ್ನು ಕಾಯಲು ಹಚ್ಚಿದವರಲ್ಲಿ ಮಾರ್ಕ್ ವೈಟಲ್ ಒಬ್ಬ, ಬರೀ 6 ಅಡಿ 5 ಇಂಚು. 86-70ರಲ್ಲಿ ಗೆದ್ದರು. ಆದರೆ ಅವರು ರಿಬೌಂಡ್‌ಗೆ ಬೀಳುತ್ತಿದ್ದ ರೀತಿ ನೋಡಿದರೆ ದೊಡ್ಡ ದೇಹದ ಕೊರತೆಯನ್ನು ಗುಂಪಾಗಿ ತುಂಬುತ್ತಿದ್ದರು ಅನ್ನಬಹುದು.

2025ರಲ್ಲಿ ಗೆದ್ದ ಫ್ಲೋರಿಡಾ ಇನ್ನೊಂದು ದಾರಿ ತೋರಿಸಿತು. ಒಬ್ಬ ಮಹಾ ಸೆಂಟರ್ ಇಲ್ಲ, ಬದಲಿಗೆ ನಾಲ್ಕು ದೊಡ್ಡ ಹುಡುಗರು ಸರದಿಯಲ್ಲಿ. ಆಸ್ಟ್ರೇಲಿಯಾದ ಅಲೆಕ್ಸ್ ಕಾಂಡನ್, ನೈಜೀರಿಯಾದ ರೂಬೆನ್ ಚಿನ್ಯೆಲು, ಥಾಮಸ್ ಹಾ, ಮತ್ತೆ 7 ಅಡಿ 1 ಇಂಚಿನ ಮೈಕಾ ಹ್ಯಾಂಡ್‌ಲಾಗ್ಟನ್. ಹ್ಯಾಂಡ್‌ಲಾಗ್ಟನ್ 2024ರ ಮಾರ್ಚ್‌ನಲ್ಲಿ ಕಾಲು ಮುರಿದುಕೊಂಡಿದ್ದ. ಮುಂದಿನ ಸೀಸನ್ ಪೂರ್ತಿ ಕೂರಬೇಕಿದ್ದವನು 2025ರ ಫೆಬ್ರವರಿಯಲ್ಲಿ ವಾಪಸ್ ಬಂದ. ಸೀಸನ್ ಅರ್ಧಕ್ಕಿಂತ ಜಾಸ್ತಿ ಮುಗಿದಿದ್ದಾಗ, ಉಳಿದ ಕೆಲವೇ ವಾರಗಳಿಗಾಗಿ ಒಂದು ಏಳಡಿ ದೇಹವನ್ನು ಕೋರ್ಟಿಗೆ ತಂದರು. ದೊಡ್ಡವರು ಬೇಡವಾಗಿದ್ದರೆ ಇದನ್ನು ಯಾಕೆ ಮಾಡುತ್ತಿದ್ದರು?

ಅವರು ಫೈನಲ್‌ನಲ್ಲಿ 65-63ರಲ್ಲಿ ಸೋಲಿಸಿದ ಹ್ಯೂಸ್ಟನ್ ಮಾತ್ರ ಈ ಎಲ್ಲ ವಾದಕ್ಕೂ ಕಿರಿಕಿರಿ ಮಾಡುವ ಟೀಮ್. ಆ ವರ್ಷ ಅವರ ಮುಖ್ಯ ಸೆಂಟರ್‌ಗಳೆಲ್ಲ 6 ಅಡಿ 8 ಇಂಚಿನವರು. ಪೋಸ್ಟ್‌ಗೆ ಬಾಲ್ ಬಂದ ಕ್ಷಣವೇ ಇನ್ನೊಬ್ಬ ದೊಡ್ಡವನು ಓಡಿ ಬಂದು ಇಬ್ಬರೂ ಸೇರಿ ಕೈ ಕಟ್ಟಿಹಾಕುತ್ತಾರೆ. ಸೆಮಿಫೈನಲ್‌ನಲ್ಲಿ ಡ್ಯೂಕ್ ಬಳಿ 7 ಅಡಿ 2 ಇಂಚಿನ ಖಮಾನ್ ಮಲುವಾಚ್ ಇದ್ದ. ಆ ಮ್ಯಾಚ್‌ನಲ್ಲಿ ಅವನಿಗೆ ಒಂದೂ ರಿಬೌಂಡ್ ಸಿಗಲಿಲ್ಲ. ಹ್ಯೂಸ್ಟನ್ 70-67. ಎತ್ತರಕ್ಕಿಂತ ಉದ್ದ ಕೈ, ಬಲವಾದ ಸೊಂಟ, ಮೊದಲು ಜಾಗ ಹಿಡಿಯುವ ಹಟ ಮುಖ್ಯ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹಾಗಾಗಿ ‘ಏಳಡಿ’ ಅನ್ನುವುದನ್ನು ಅಕ್ಷರಶಃ ತೆಗೆದುಕೊಳ್ಳಬೇಡಿ. ಕೆಲಸ ಮಾಡುವ ದೇಹ ಬೇಕು. ಅದು 6 ಅಡಿ 8 ಇಂಚಿನಲ್ಲೂ ಸಿಗಬಹುದು, ಆದರೆ ಅಂಥ ಹುಡುಗರನ್ನು ತಯಾರು ಮಾಡಲು ಹ್ಯೂಸ್ಟನ್‌ನ ಕೆಲ್ವಿನ್ ಸ್ಯಾಂಪ್ಸನ್ ಥರದ ಕೋಚ್ ಬೇಕು.

ದೊಡ್ಡವರನ್ನು ಸೋಲಿಸುವ ದಾರಿಯೂ ಇದೆ. ಎದುರಾಳಿ ಗಾರ್ಡ್ ಪದೇ ಪದೇ ಸೆಂಟರ್ ಕಾಯುತ್ತಿರುವ ಆಟಗಾರನನ್ನೇ ಕರೆದು ಸ್ಕ್ರೀನ್ ಹಾಕಿಸುತ್ತಾನೆ. ಸೆಂಟರ್ ಹೊರಗೆ ಬಂದರೆ ಅವನ ಕಾಲು ಗಾರ್ಡ್ ವೇಗಕ್ಕೆ ಸಾಲದು. ಹಿಂದೆ ನಿಂತರೆ ಗಾರ್ಡ್‌ಗೆ ಆರಾಮಾಗಿ ಶಾಟ್ ಸಿಗುತ್ತದೆ. ಕ್ರೈಟನ್‌ನ 7 ಅಡಿ 1 ಇಂಚಿನ ರಯಾನ್ ಕಾಲ್ಕ್‌ಬ್ರೆನರ್ ಇದಕ್ಕೆ ಉತ್ತರ ಕಂಡುಕೊಂಡಿದ್ದ. ಹಿಂದೆಯೇ ನಿಲ್ಲುತ್ತಿದ್ದ, ಗಾರ್ಡ್‌ನನ್ನು ಮಧ್ಯದ ದೂರದಿಂದ ಎರಡು ಪಾಯಿಂಟ್ ಶಾಟ್ ಎಸೆಯಲು ಬಿಡುತ್ತಿದ್ದ, ರಿಂಗ್ ಮಾತ್ರ ಬಿಟ್ಟುಕೊಡುತ್ತಿರಲಿಲ್ಲ. ಫೌಲ್ ಮಾಡುತ್ತಿದ್ದದ್ದೂ ಕಡಿಮೆ. ಬಿಗ್ ಈಸ್ಟ್ ಎಂಬ ಕಾಲೇಜ್ ಗುಂಪಿನ ಅತ್ಯುತ್ತಮ ಡಿಫೆಂಡರ್ ಪ್ರಶಸ್ತಿ ಅವನಿಗೆ ನಾಲ್ಕು ವರ್ಷ ಬಂತು. ಕಾಲೇಜಿನಲ್ಲಿ ಐದು ಫೌಲ್‌ಗೆ ಹೊರಗೆ. ಎನ್‌ಬಿಎನಲ್ಲಿ ಆರು. ಮೊದಲ ಹತ್ತು ನಿಮಿಷದಲ್ಲಿ ಎರಡು ಫೌಲ್ ಮಾಡಿ ಬೆಂಚ್ ಮೇಲೆ ಕೂರುವ ಏಳಡಿಯವನಿಂದ ಟೀಮಿಗೆ ಏನೂ ಉಪಯೋಗ ಇಲ್ಲ. ನಾನು ಕೋಚ್ ಆದರೆ ಸೆಂಟರ್ ಆರಿಸುವಾಗ ಪಾಯಿಂಟ್‌ಗಿಂತ ಮೊದಲು ಫೌಲ್ ಲೆಕ್ಕ ನೋಡುತ್ತೇನೆ.

ಇನ್ನು ದುಡ್ಡಿನ ವಿಷಯ. ಇದನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. 2021ರ ಜುಲೈನಿಂದ ಕಾಲೇಜ್ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಸಂಪಾದಿಸಬಹುದು. 2025ರಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ಕಾಲೇಜ್ ಬದಲಿಸುವುದೂ ಸುಲಭವಾಗಿದೆ. ಇದರಿಂದ ಅತಿ ಹೆಚ್ಚು ಲಾಭವಾದವರಲ್ಲಿ ಹಳೆಯ ಶೈಲಿಯ ಸೆಂಟರ್‌ಗಳೂ ಇದ್ದಾರೆ. ಕಾರಣ ಸರಳ. ಎನ್‌ಬಿಎಗೆ ಅವರು ಬೇಡ. ಗೊಂಜಾಗಾದ ಟಿಮ್ಮಿ, 2022ರ ನೈಸ್ಮಿತ್ ಗೆದ್ದ ಕೆಂಟಕಿಯ ಆಸ್ಕರ್ ಶಿಬ್ವೆ, ನಾರ್ತ್ ಕ್ಯಾರೊಲೈನಾದ ಅರ್ಮಾಂಡೊ ಬೇಕಾಟ್, ಕ್ಯಾನ್ಸಸ್‌ನ ಹಂಟರ್ ಡಿಕಿನ್ಸನ್. ಕಾಲೇಜಿನಲ್ಲಿ ಇವರೆಲ್ಲ ದೊಡ್ಡ ಹೆಸರು, ಟೀಮ್‌ಗಳು ಹೊಸಬರನ್ನು ಆರಿಸುವ ಎನ್‌ಬಿಎ ಡ್ರಾಫ್ಟ್‌ನಲ್ಲಿ ಒಬ್ಬರನ್ನೂ ಯಾರೂ ಆರಿಸಲಿಲ್ಲ. ಹಾಗಾಗಿ ಅವರು ನಾಲ್ಕೈದು ವರ್ಷ ಕಾಲೇಜಿನಲ್ಲೇ ಉಳಿದರು, 22-24 ವಯಸ್ಸಿನವರೆಗೆ ಆಡಿದರು. ಅನುಭವ ಇರುವ ದೊಡ್ಡ ಗಂಡಸಿನ ಎದುರು 18ರ ಹುಡುಗ ಏನು ಮಾಡುತ್ತಾನೆ? ಎನ್‌ಬಿಎ ಬೇಡ ಅಂದ ಕಾರಣಕ್ಕೇ ಕಾಲೇಜಿನಲ್ಲಿ ಒಳ್ಳೆಯ ಸೆಂಟರ್‌ಗಳು ಜಾಸ್ತಿ ಉಳಿಯುತ್ತಿದ್ದಾರೆ.

ಎಫ್-1 ವಿದ್ಯಾರ್ಥಿ ವೀಸಾ ಕಷ್ಟ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕೆನಡಾದ ಈಡಿಗೂ, ಕಾಂಗೊದಿಂದ ಬಂದ ಶಿಬ್ವೆಗೂ ಅದೇ ಕಾಟ. ಅಮೆರಿಕದ ನೆಲದಲ್ಲಿ ಜಾಹೀರಾತಿನಿಂದ ಸಂಪಾದಿಸುವುದು ಅಷ್ಟು ಸುಲಭವಿರಲಿಲ್ಲ. ಕೆಂಟಕಿ ಟೀಮ್ 2022ರಲ್ಲಿ ಬಹಾಮಾಸ್‌ಗೆ ಹೋದಾಗ ಶಿಬ್ವೆ ಅಲ್ಲೇ ಅಂಥ ಕೆಲಸಗಳನ್ನು ಮುಗಿಸಿಕೊಂಡ.

ಪರ್ಡ್ಯೂಗೆ ಮತ್ತೆ ಬರುತ್ತೇನೆ, ಈಡಿ ಹೋದ ಮೇಲೆ ಆದದ್ದು ಒಂದು ಪ್ರಯೋಗದ ಹಾಗಿದೆ. 2024-25ಕ್ಕೆ ಪೇಂಟರ್ ಇನ್ನೊಬ್ಬ 7 ಅಡಿ 4 ಇಂಚಿನವನನ್ನು, ಡೇನಿಯಲ್ ಜೇಕಬ್ಸನ್‌ನನ್ನು ತಂದಿದ್ದರು. ಸೀಸನ್‌ನ ಎರಡನೇ ಮ್ಯಾಚ್‌ನಲ್ಲೇ ಅವನ ಕಾಲು ಮುರಿಯಿತು. 6 ಅಡಿ 9 ಇಂಚಿನ ಟ್ರೇ ಕಾಫ್‌ಮನ್-ರೆನ್ ಸೆಂಟರ್ ಜಾಗಕ್ಕೆ ಬಂದ. ಪಾಯಿಂಟ್‌ಗೆ ಕೊರತೆಯಾಗಲಿಲ್ಲ, ಅವನು ಸರಾಸರಿ 20ರಷ್ಟು ಹಾಕಿದ. ಕಾಡಿದ್ದು ರಿಂಗ್ ಬಳಿಯ ಡಿಫೆನ್ಸ್ ಮತ್ತು ರಿಬೌಂಡ್. ಹ್ಯೂಸ್ಟನ್ ಎದುರು 62-60ರಲ್ಲಿ ಸೋತು ಹೊರಬಂದರು. ಮುಂದಿನ ವರ್ಷಕ್ಕೆ ಪೇಂಟರ್ ಯಾರನ್ನು ತಂದರು? ಸೌತ್ ಡಕೋಟಾ ಸ್ಟೇಟ್‌ನಿಂದ 6 ಅಡಿ 11 ಇಂಚಿನ ಆಸ್ಟ್ರೇಲಿಯನ್ ಆಸ್ಕರ್ ಕ್ಲಫ್. ಅಲ್ಲಿ ಮ್ಯಾಚ್‌ಗೆ ಹನ್ನೆರಡು ರಿಬೌಂಡ್ ಹಿಡಿಯುತ್ತಿದ್ದವನು. ರೂಮ್‌ಮೇಟ್‌ಗಳಿಗೆ ಬೇರೇನೂ ಹೇಳುವುದು ಬೇಡ, ಇದೊಂದನ್ನು ಹೇಳಿ.

ಇನ್ನು ಹೊಸತಾಗಿ ಬರುತ್ತಿರುವುದು ಶೂಟ್ ಮಾಡುವ, ಪಾಸ್ ಕೊಡುವ ಏಳಡಿಯವರು. 2024-25ರಲ್ಲಿ ಮಿಶಿಗನ್ ಕೋಚ್ ಡಸ್ಟಿ ಮೇ ಇಬ್ಬರು ಏಳಡಿಯವರನ್ನು ಒಟ್ಟಿಗೆ ಆಡಿಸಿದರು. ಡ್ಯಾನಿ ವುಲ್ಫ್ ಗಾರ್ಡ್ ಥರ ಬಾಲ್ ತರುತ್ತಿದ್ದ, ವ್ಲಾಡ್ ಗೋಲ್ಡಿನ್ ಅವನಿಗೆ ಸ್ಕ್ರೀನ್ ಹಾಕಿ ರಿಂಗ್ ಕಡೆ ಓಡುತ್ತಿದ್ದ. ಏಳಡಿಯವನಿಂದ ಏಳಡಿಯವನಿಗೆ ಪಾಸ್. ತಮ್ಮ ಕಾಲೇಜ್ ಗುಂಪಾದ ಬಿಗ್ ಟೆನ್‌ನ ಟೂರ್ನಿ ಗೆದ್ದರು. ಸೆಂಟರ್ ಸಾಯುವ ಬದಲು ಎರಡಾದ.

ಮಹಿಳೆಯರ ಆಟದಲ್ಲಿ ಈ ಚರ್ಚೆಯೇ ಅಷ್ಟಾಗಿ ಇಲ್ಲ. 2024ರ ಫೈನಲ್‌ನಲ್ಲಿ ಅಯೋವಾದ ಕೇಟ್ಲಿನ್ ಕ್ಲಾರ್ಕ್ 30 ಪಾಯಿಂಟ್ ಹಾಕಿದರು. ಗೆದ್ದಿದ್ದು ಸೌತ್ ಕ್ಯಾರೊಲೈನಾ, 87-75. ಅವರ 6 ಅಡಿ 7 ಇಂಚಿನ ಸೆಂಟರ್ ಕಮಿಲಾ ಕಾರ್ಡೋಸೊ 17 ರಿಬೌಂಡ್ ಹಿಡಿದರು. ಒಟ್ಟು ರಿಬೌಂಡ್ ಸೌತ್ ಕ್ಯಾರೊಲೈನಾಗೆ 51, ಅಯೋವಾಗೆ 29.

ಈಗ ಅಕ್ಕನ ಮಗನ ವಿಷಯ. ಕೋಚ್ ಪೂರ್ತಿ ತಪ್ಪು ಅಂತ ಹೇಳಲಾರೆ. ನಮ್ಮಲ್ಲಿ ಆಡುವುದು ಅಂತರರಾಷ್ಟ್ರೀಯ ಸಂಸ್ಥೆ ಫೀಬಾದ ನಿಯಮದಲ್ಲಿ. ಇಲ್ಲೂ ಡಿಫೆನ್ಸ್ ಮಾಡುವವನಿಗೆ ಮೂರು ಸೆಕೆಂಡ್ ನಿಯಮ ಇಲ್ಲ. ಇನ್ನೊಂದು ವಿಶೇಷ, ಫೀಬಾದಲ್ಲಿ ಶಾಟ್‌ನ ಬಾಲ್ ರಿಂಗ್‌ಗೆ ತಾಗಿದ ಮೇಲೆ ಯಾರು ಬೇಕಾದರೂ ಅದನ್ನು ತಟ್ಟಿ ಹೊರಹಾಕಬಹುದು, ರಿಂಗ್ ಮೇಲೆಯೇ ಇದ್ದರೂ ಸರಿ. ಅಮೆರಿಕದ ಕಾಲೇಜಿನಲ್ಲಿ ಹಾಗೆ ಮಾಡುವಂತಿಲ್ಲ. ಅಂದರೆ ನಮ್ಮಲ್ಲಿ ಎತ್ತರಕ್ಕೆ ಇನ್ನೂ ಒಂದು ಲಾಭ ಇದೆ. ಇವತ್ತಿನ ಮ್ಯಾಚ್ ಗೆಲ್ಲಬೇಕಾದ ಕೋಚ್ ಅವನನ್ನು ರಿಂಗ್ ಕೆಳಗೆ ನಿಲ್ಲಿಸುವುದು ಸಹಜ.

ತೊಂದರೆ ಇರುವುದು ‘ಅಲುಗಾಡಬೇಡ’ ಅನ್ನುವುದರಲ್ಲಿ. ಶಾಲೆಯಲ್ಲಿ 6 ಅಡಿ 4 ಇಂಚು ಅಂದರೆ ಸೆಂಟರ್. ನಾಳೆ ಮೇಲಿನ ಮಟ್ಟದಲ್ಲಿ ಅದು ಗಾರ್ಡ್‌ನ ಎತ್ತರ. ಎತ್ತರ ಅಲ್ಲಿಗೇ ನಿಂತರೆ, ರಿಂಗ್ ಕೆಳಗೆ ಮಾತ್ರ ಆಡಲು ಬರುವ ಹುಡುಗನಿಗೆ ಇಪ್ಪತ್ತನೇ ವಯಸ್ಸಿನಲ್ಲಿ ಜಾಗವೇ ಸಿಗುವುದಿಲ್ಲ. ಮ್ಯಾಚ್‌ನಲ್ಲಿ ಕೋಚ್ ಹೇಳಿದ ಜಾಗದಲ್ಲೇ ಆಡಲಿ. ಪ್ರಾಕ್ಟೀಸ್‌ನಲ್ಲಿ ಮಾತ್ರ ಗಾರ್ಡ್‌ಗಳ ಜೊತೆ ಬಾಲ್ ಹ್ಯಾಂಡ್ಲಿಂಗ್ ಮಾಡಲು ಬಿಡಿ ಅಂತ ಅಕ್ಕ ಅಥವಾ ಭಾವ ಹೋಗಿ ಕೇಳಲಿ. ಜಗಳಕ್ಕಲ್ಲ, ಸಮಾಧಾನವಾಗಿ. ಹೆಚ್ಚಿನ ಕೋಚ್‌ಗಳು ಒಪ್ಪುತ್ತಾರೆ.

ಮೂರು ಪಾಯಿಂಟ್ ಶಾಟ್‌ಗೆ ಈಗಲೇ ಆತುರ ಬೇಡ. 15ರ ಹುಡುಗ ದೂರದಿಂದ ಎಸೆಯಲು ಶುರು ಮಾಡಿದರೆ ಬಲ ಸಾಲದೆ ಸೊಂಟದಿಂದ ಬಾಲ್ ತೂರುವ ಅಭ್ಯಾಸ ಬೀಳುತ್ತದೆ, ಆಮೇಲೆ ಅದನ್ನು ಬಿಡಿಸುವುದು ಕಷ್ಟ. ಮೊದಲು ರಿಂಗ್‌ನ ಎರಡೂ ಬದಿಯಲ್ಲಿ ಎರಡೂ ಕೈಯಿಂದ ಹಾಕುವುದು ಬರಲಿ. ಎಡಗೈ ಬಾರದ ದೊಡ್ಡವರನ್ನು ಕಾಯುವುದು ಸುಲಭ. ಬಾಲ್ ಹಿಡಿದ ಮೇಲೆ ಕೆಳಗೆ ಇಳಿಸದೆ ತಲೆಯ ಮೇಲೆಯೇ ಇಟ್ಟುಕೊಳ್ಳುವುದು, ಎರಡನೇ ಡಿಫೆಂಡರ್ ಬಂದಾಗ ಯಾರು ಖಾಲಿ ಇದ್ದಾರೆ ಅಂತ ನೋಡುವುದು, ಇವೆರಡನ್ನು ಬೇಗ ಕಲಿತಷ್ಟೂ ಒಳ್ಳೆಯದು. ಸ್ಕಿಪ್ಪಿಂಗ್ ಮಾಡಲಿ. ಬೆಳೆಯುವ ವಯಸ್ಸಿನಲ್ಲಿ ಕಾಲು ಉದ್ದವಾಗುತ್ತದೆ, ಚುರುಕು ಹಿಂದೆ ಬೀಳುತ್ತದೆ. ಮಂಡಿ ನೋವು ಅಂದರೆ ಅಲಕ್ಷ್ಯ ಮಾಡದೆ ಡಾಕ್ಟರ್‌ಗೆ ತೋರಿಸಿ.

ಫ್ರೀ ಥ್ರೋ ಮಾತ್ರ ಇವತ್ತಿನಿಂದಲೇ, ದಿನಾ ಪ್ರಾಕ್ಟೀಸ್ ಮುಗಿದು ಸುಸ್ತಾದ ಮೇಲೆ. ಎತ್ತರದ ಹುಡುಗನನ್ನು ತಡೆಯಲಾಗದಿದ್ದಾಗ ಎದುರಾಳಿಗಳು ಮಾಡುವ ಮೊದಲ ಕೆಲಸ ಫೌಲ್. ನೂರಕ್ಕೆ 70 ಹಾಕುವ ಮಟ್ಟಕ್ಕೆ ಬಂದರೆ ಕೊನೆಯ ಎರಡು ನಿಮಿಷ ಯಾವ ಕೋಚ್ ಕೂಡ ಅವನನ್ನು ಬೆಂಚ್‌ಗೆ ಕರೆಯುವುದಿಲ್ಲ. ಅದೇ ಕೈ ಆಮೇಲೆ ನಿಧಾನಕ್ಕೆ ಒಂದೊಂದು ಹೆಜ್ಜೆ ಹಿಂದೆ ಸರಿಯಲಿ, ಹದಿನೇಳರ ಹೊತ್ತಿಗೆ ಗೆರೆ ಮುಟ್ಟಿದರೆ ಸಾಕು.